ಎಡಗೈ ಗಂಟು

ವಿಮಾನ ಕಂಪನಿಯವರು ಕಳಿಸಿದ ಉತ್ತರ ಓದಿ ನನಗೆ ಮೈಯೆಲ್ಲ ಉರಿಯಿತು. ಕಾಶಿಯಾತ್ರೆ ಮುಗಿಸಿ ಬರುತ್ತಿದ್ದ ಬನಹಟ್ಟಿಯ ನೇಕಾರ ಮುದಕಪ್ಪ, ವಿಮಾನ ಕುಲುಕಾಡಿದಾಗ ಚಾವಣಿಗೆ ತಲೆ ಬಡಿದು ಸತ್ತಿದ್ದ. ಅದಕ್ಕೆ ಅವರು ಹೊಣೆಯಲ್ಲವಂತೆ. ಬೆಲ್ಟ್ ಹಾಕಿಕೊಳ್ಳಿ ಎನ್ನುವ ದೀಪ ಉರಿಯುತ್ತಿದ್ದರೂ ಆತ ಹಾಕಿಕೊಂಡಿರಲಿಲ್ಲ, ತಪ್ಪು ಆತನದೇ ಎಂದು ಬರೆದಿದ್ದರು. ಸತ್ತವನ ಮೇಲೆ ತಪ್ಪು ಹೊರಿಸುವುದು ಸಲೀಸು. ಎದ್ದು ಬಂದು ಇಲ್ಲ ಅನ್ನುವುದಿಲ್ಲವಲ್ಲ.

ಜಮಖಂಡಿಯಲ್ಲಿ ನಾನು ಇಪ್ಪತ್ತಾರು ವರ್ಷದಿಂದ ವಕೀಲ. ಹೊಲದ ಬದು, ಕಬ್ಬಿನ ಲಾರಿಯ ಅಪಘಾತ, ಇಂಥವೇ ನನ್ನ ಕೇಸುಗಳು. ವಿಮಾನದ್ದು ಇದೇ ಮೊದಲು. ಮಧ್ಯಾಹ್ನ ಮುದಕಪ್ಪನ ಹೆಂಡತಿ ಶಂಕ್ರೆವ್ವ ಬಂದು ಕುರ್ಚಿಯ ತುದಿಗೆ ಕೂತಳು. ಅವಳಿಗೆ ಪರಿಹಾರದ ಮಾತೇ ಬೇಡ. ಆರು ತಿಂಗಳಿಂದ ಒಂದೇ ಪ್ರಶ್ನೆ.

"ವೇದವ್ಯಾಸ ವಕೀಲರ, ನನ್ನ ಗಂಟು ಬಿಚ್ಚಿತೇನ್ರಿ? ಅದಷ್ಟ ಹೇಳ್ರಿ."

ಸಂಗತಿ ಇಷ್ಟು. ವಿಮಾನ ಏರಿದಾಗ ಗಗನಸಖಿಯೇ ಇಬ್ಬರಿಗೂ ಬೆಲ್ಟ್ ಹಾಕಿಕೊಟ್ಟಿದ್ದಳು. ನಡುವೆ ಇಬ್ಬರೂ ಶೌಚಕ್ಕೆ ಎದ್ದು ಬಂದು ಕೂತಾಗ ಕೊಂಡಿ ಕೂಡಲಿಲ್ಲ. "ಮತ್ತ ಕರಿಯಾಕ ನಾಚಿಕಿ ಬಂತ್ರಿ," ಅಂದಿದ್ದಳು ಶಂಕ್ರೆವ್ವ. ಮಗ್ಗದಲ್ಲಿ ಹರಿದ ಎಳೆ ಸೇರಿಸುವ ಗಂಟಿದೆಯಲ್ಲ, ಎಳೆದಷ್ಟೂ ಬಿಗಿಯುವಂಥದ್ದು, ಅದನ್ನೇ ಗಂಡನ ಬೆಲ್ಟಿನ ಎರಡು ತುದಿಗೂ ಹಾಕಿ ಕಟ್ಟಿದ್ದಳು. ತನ್ನದನ್ನು ಕಟ್ಟಿಕೊಳ್ಳುವ ಮೊದಲೇ ನಿದ್ದೆ ಹತ್ತಿತು. ಎಚ್ಚರಾದಾಗ ಗಂಡ ಬದುಕಿರಲಿಲ್ಲ. ಅಂದಿನಿಂದ ಅವಳು ಮಗ್ಗ ಮುಟ್ಟಿಲ್ಲ. ಹರಿದ ಎಳೆಗೆ ಗಂಟು ಹಾಕುವ ಧೈರ್ಯವಿಲ್ಲ.

ಕಂಪನಿಯವರು ಫೋಟೋಗಳನ್ನೂ ಲಗತ್ತಿಸಿದ್ದರು. ಬೆಲ್ಟಿಗೆ ಗಂಟು ಹಾಕಿ ಹಾಳು ಮಾಡಿದ್ದಾರೆ ಎಂಬ ತಕರಾರು ಬೇರೆ. ಮುದಕಪ್ಪನ ಸೀಟಿನ ಫೋಟೋವನ್ನು ಶಂಕ್ರೆವ್ವ ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ಜಾರಿದ್ದಲ್ರಿ. ಜಾರಿದ್ರ ಮಡಿಕಿ ಹಿಂಗ ಉಳಿಯೂದಿಲ್ಲ. ಕೈಲೆ ಬಿಚ್ಚ್ಯಾನ."

ಆತ ತಾನಾಗಿ ಬಿಚ್ಚಿಕೊಂಡದ್ದು ನಿಜವಾದರೆ ಕಂಪನಿ ಗೆದ್ದಂತೆ. ಪ್ರಯಾಣಿಕನ ತಪ್ಪಿದ್ದಷ್ಟು ಅವರ ಹೊಣೆ ಇಳಿಯುತ್ತದೆ.

"ಶಂಕ್ರೆವ್ವ, ಈ ಮಾತು ಗ್ರಾಹಕರ ಆಯೋಗದ ಮುಂದ ಆಡಬ್ಯಾಡ," ಅಂದೆ.

ಅವಳು ಕೇಳಿಸಿಕೊಳ್ಳಲಿಲ್ಲ. ಎರಡನೇ ಫೋಟೋ ಅವಳದೇ ಸೀಟಿನದು. ಅವಳನ್ನು ಬಿಡಿಸಲು ಬೆಲ್ಟನ್ನು ಕತ್ತರಿಸಬೇಕಾಗಿತ್ತು. ನಡುವೆ ಗಂಟು ಹಾಗೇ ಇತ್ತು. ಅದರ ಮೇಲೆ ಅವಳು ಬೆರಳಾಡಿಸಿದಳು.

"ಇದನ್ನ ನಾ ಕಟ್ಟಿಲ್ರಿ. ಇದು ಎಡಗೈ ಗಂಟು. ನಮ್ಮ ಮನ್ಯಾಗ ಎಡಗೈಲೆ ಕಟ್ಟಾಂವ ಅಂವ ಒಬ್ಬನ."

ಅಂದರೆ ನನ್ನ ಕಕ್ಷಿದಾರಳ ಗಂಡ ತನ್ನ ಗಂಟು ಬಿಚ್ಚಿದ್ದು ಹೆಂಡತಿಗೆ ಗಂಟು ಹಾಕಲು. ಆದರೂ ನಾನು ವಕೀಲ. ಇದಕ್ಕೆ ಆಧಾರ ಸಿಗುತ್ತದೇನೋ ಎಂದು ಗಗನಸಖಿಯ ಹೇಳಿಕೆ ತಿರುವಿದೆ. ಅದನ್ನು ಎರಡು ಸಲ ಓದಿದ್ದೆ, ವೇಳೆಯನ್ನು ಮಾತ್ರ ಗಮನಿಸಿರಲಿಲ್ಲ.

ನಾಲ್ಕು ಹತ್ತಕ್ಕೆ ಮೊದಲ ಕುಲುಕು. ಮುದಕಪ್ಪ ಚಾವಣಿಗೆ ಬಡಿದು ನಡುವಿನ ದಾರಿಯಲ್ಲಿ ಬಿದ್ದ. ಪಕ್ಕದ ಸಾಲಿನಲ್ಲಿದ್ದ ವೈದ್ಯರೊಬ್ಬರು ಕೈ ಚಾಚಿ ನಾಡಿ ನೋಡಿದರು. ಇರಲಿಲ್ಲ. ಶಂಕ್ರೆವ್ವ ಮುಂದಿನ ಸೀಟಿಗೆ ಹಣೆ ಬಡಿದು ಎಚ್ಚರ ತಪ್ಪಿದ್ದಳು. 'ಆಕೆಯ ಬೆಲ್ಟಿನ ಎರಡೂ ತುದಿ ನೇತಾಡುತ್ತಿದ್ದವು. ನಾನು ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಆ ಸಾಲಿನತ್ತ ಯಾರೂ ಹೋಗಲಿಲ್ಲ.' ನಾಲ್ಕು ಹದಿನಾಲ್ಕಕ್ಕೆ ಎರಡನೇ ಕುಲುಕು, ಮೊದಲಿನದಕ್ಕಿಂತ ಜೋರು. ಬೆಲ್ಟ್ ಇಲ್ಲದವರೆಲ್ಲ ಎಗರಿಬಿದ್ದರು. ಶಂಕ್ರೆವ್ವ ಅಲ್ಲಾಡಲಿಲ್ಲ.

ಅವಳ ಕೈಯಲ್ಲಿದ್ದ ಫೋಟೋದ ಗಂಟನ್ನು ಮತ್ತೊಮ್ಮೆ ನೋಡಿದೆ. ಕಾಗದ ಮಗುಚಿ ಇಟ್ಟೆ.

"ಏನ ಬರದಾರ್ರಿ?" ಅಂದಳು.

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ವೇಳೆಯ ಸಮೇತ ಎಲ್ಲ ಓದಿ ಹೇಳಿದೆ. ಅವಳು ಹೆದರಲಿಲ್ಲ, ಅಳಲೂ ಇಲ್ಲ. ಫೋಟೋದ ಗಂಟಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿದ್ದಳು.

"ಅಂವಾ ಬಿಚ್ಚಿದಾ ಅಂತನ ಬರೀರಿ."

"ಹಂಗ ಬರದ್ರ ಕೇಸ ಬಿದ್ದ ಹೋಗತದ."

"ಬೀಳಲಿ ಬಿಡ್ರಿ. ನನ್ನ ಗಂಟು ಜಾರಿಲ್ಲ." ಸೆರಗು ಸರಿಮಾಡಿಕೊಂಡು ಎದ್ದಳು. "ಹೋಗತೇನ್ರಿ, ಮಗ್ಗದಾಗ ಹರದ ಎಳಿ ಹಂಗ ಬಿದ್ದಾವು."

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದವಳನ್ನು ನಾನೇ ತಡೆದೆ. ಆ ನಾಲ್ಕು ನಿಮಿಷದ ಬಗ್ಗೆ ಅವಳಿಗೆ ಏನೂ ಅನ್ನಿಸುವುದಿಲ್ಲವೇ ಎಂದು ಕೇಳಿದೆ.

"ಅದಕ್ಯಾಕ ಹೆದರತೀರಿ ವಕೀಲರ," ಅಂದಳು. "ಅಂವ ಹಿಡದ ಕೆಲಸ ಅರ್ಧಕ್ಕ ಬಿಡಾಂವ ಅಲ್ರಿ."