ನೀರು ಕಳೆದ ತೂಕ

"ಮತ್ತೆ ಹಳದಿ," ಎಂದಳು ದೇಸಾಕ್ ಸುವಾರ್ತಿನಿ, ಕನ್ನಡಕವನ್ನು ಹಣೆಗೆ ಏರಿಸಿ.

ಪರದೆಯ ಮೇಲೆ ನಾಲ್ಕನೇ ಸಾಲು ಹಳದಿಯಾಗಿತ್ತು. ವಿಮಾನದಲ್ಲಿ ಹೊರದೇಶಕ್ಕೆ ಹೋದ ಸರಕುಗಳ ಪಟ್ಟಿ ಅದು. ನಾಲ್ಕನೇ ಸಾಲು ಜೀವಂತ ಅಲಂಕಾರಿಕ ಮೀನು. ಜನವರಿಯಿಂದ ಮಾರ್ಚ್‌ವರೆಗೆ ಮೂವತ್ತೆಂಟು ಟನ್. ಏಪ್ರಿಲ್‌ನಿಂದ ಜೂನ್‌ವರೆಗೆ ತೊಂಬತ್ತೊಂದು. ಮೌಲ್ಯ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ. ತೂಕ ಏರಿ ಮೌಲ್ಯ ಏರದಿದ್ದರೆ ಯಂತ್ರ ಆ ಸಾಲಿಗೆ ಹಳದಿ ಬಳಿಯುತ್ತದೆ. ತಪ್ಪಾಗಿದೆ ಎಂದು ಅದರ ಅರ್ಥವಲ್ಲ, ಒಬ್ಬ ಮನುಷ್ಯ ನೋಡಲಿ ಎಂದು. ಡೆನ್‌ಪಸಾರ್‌ನ ಆ ಅಂಕಿಅಂಶ ಕಚೇರಿಯಲ್ಲಿ ನೋಡುವ ಮನುಷ್ಯ ಹನ್ನೊಂದು ವರ್ಷದಿಂದ ದೇಸಾಕ್.

ಈ ಹನ್ನೊಂದು ವರ್ಷದಲ್ಲಿ ಅವಳ ಪಟ್ಟಿಯ ಒಂದು ಅಂಕಿಯನ್ನೂ ಪ್ರಕಟಿಸಿದ ಮೇಲೆ ತಿದ್ದಿದ್ದಿಲ್ಲ. ಇದನ್ನು ಅವಳು ತಾನಾಗಿ ಹೇಳಿಕೊಂಡವಳಲ್ಲ. ಬೇರೆಯವರು ಹೇಳಿದಾಗ ತಡೆದವಳೂ ಅಲ್ಲ. ಟ್ಯೂನಾ ಮೀನಿನ ತೂಕಕ್ಕೆ ಮಂಜುಗಡ್ಡೆಯನ್ನೂ ಸೇರಿಸಿ ಬರೆದ ರಫ್ತು ಏಜೆಂಟನನ್ನು ಅವಳು ಕುರ್ಚಿ ಬಿಟ್ಟೇಳದೆ ಫೋನಿನಲ್ಲೇ ಹಿಡಿದಿದ್ದಳು. ಆ ಕತೆ ಜಕಾರ್ತಾವರೆಗೂ ಹೋಗಿತ್ತು. ಬೇರೆ ಪ್ರಾಂತ್ಯಗಳ ಸಿಬ್ಬಂದಿಗೆ ಪಾಠ ಹೇಳಲು ಬರುವ ಆಗಸ್ಟಿಗೆ ಅವಳನ್ನು ಅಲ್ಲಿಗೆ ಕರೆದಿದ್ದರು.

ಏಪ್ರಿಲ್‌ನಲ್ಲೂ ಮೇ ತಿಂಗಳಲ್ಲೂ ಇದೇ ಸಾಲು ಹಳದಿಯಾಗಿತ್ತು. ಎರಡು ಸಲವೂ ಅವಳು ಏಜೆಂಟರಿಗೆ ಫೋನ್ ಮಾಡಿ ಕೇಳಿದ್ದಳು. ತೂಕ ಸರಿಯಾಗಿಯೇ ಇದೆ ಎಂದು ಅವರು ಹೇಳಿದ್ದರು. ಇವಳು ಹಳದಿ ತೆಗೆದು ಮುಂದಕ್ಕೆ ಕಳಿಸಿದ್ದಳು.

ಬೆನ್ನ ಹಿಂದೆ ಬಂದು ನಿಂತ ಮುಖ್ಯಸ್ಥ ಪಾಕ್ ಹೆರ್ಮಾವನ್ ಪರದೆಯತ್ತ ಬಗ್ಗಿದ. ಸುರಬಯಾದಿಂದ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಮರ್ಯಾದೆಗೆ ಗಂಡಸರನ್ನು ಪಾಕ್, ಹೆಂಗಸರನ್ನು ಬು ಅನ್ನುವುದು ಆ ಕಡೆಯ ರೂಢಿ, ಸಾರ್, ಮೇಡಂ ಅಂದ ಹಾಗೆ.

"ಬು ದೇಸಾಕ್, ಹದಿನೈದಕ್ಕೆ ಪ್ರಕಟಣೆ, ಹದಿನೇಳಕ್ಕೆ ಮೀನುಗಾರಿಕೆ ಇಲಾಖೆಯವರ ಸಭೆ. ಏಪ್ರಿಲ್, ಮೇ ಅಂಕಿ ನೋಡಿನೇ ಅವರು ಉತ್ತರ ಕರಾವಳೀಲಿ ಆರು ತಿಂಗಳು ಮೀನು ಹಿಡಿಯೋ ಹಾಗಿಲ್ಲ ಅಂತ ಆದೇಶ ಬರೆದಿಟ್ಟುಕೊಂಡಿದ್ದಾರೆ. ಜೂನ್ ಅಂಕಿಗೆ ಕಾಯ್ತಿದ್ದಾರೆ, ಅಷ್ಟೆ."

"ಹಾಗಾದರೆ ಇವತ್ತು ಫೋನ್ ಬೇಡ," ಎಂದು ದೇಸಾಕ್ ಎದ್ದಳು. "ಹೋಗಿ ನೋಡ್ಕೊಂಡು ಬರ್ತೀನಿ."

ಮೀನು ತುಂಬುವ ಶೆಡ್ ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡೇ ಇತ್ತು. ಒಳಗೆ ನೆಲವೆಲ್ಲ ಒದ್ದೆ. ಉದ್ದನೆಯ ಮೇಜಿನ ಎರಡೂ ಬದಿಗೆ ನಿಂತ ಹೆಂಗಸರು ಪ್ಲಾಸ್ಟಿಕ್ ಚೀಲಕ್ಕೆ ನೀರು ಸುರಿದು, ಒಂದೊಂದು ಮೀನು ಬಿಟ್ಟು, ಆಮ್ಲಜನಕ ಊದಿ, ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿಯುತ್ತಿದ್ದರು. ಶೆಡ್ಡಿನ ಯಜಮಾನ ಮೆರ್ತಾ ದಪ್ಪ ಆಳು. ವಯಸ್ಸಿನ ಲೆಕ್ಕವಿಲ್ಲದೆ ಎಲ್ಲರೂ ಅವನನ್ನು ಬ್ಲಿ ಮೆರ್ತಾ ಅನ್ನುತ್ತಿದ್ದರು, ಅಣ್ಣ ಅಂದ ಹಾಗೆ. ಅವನು ದೇಸಾಕ್‌ಳನ್ನು ಗುರುತಿಸಿ ಕುರ್ಚಿ ಒರೆಸಿದ. ಅವನಿಗಿಂತ ಮೊದಲು ಮಾತಾಡಿದವಳು ಉತ್ತರ ಕರಾವಳಿಯಿಂದ ಬೆಳಗಿನ ಮೀನು ತಂದಿದ್ದ ಹೆಂಗಸು. ಅಲ್ಲಿ ಮೀನು ಹಿಡಿಯುವ ನಲವತ್ತು ಮನೆಗಳ ಸಂಘಕ್ಕೆ ಅವಳೇ ಮುಖಂಡೆ. ಮಗನ ಹೆಸರು ಸುಕ್ರಾ, ಹಾಗಾಗಿ ಅವಳು ಎಲ್ಲರಿಗೂ ಮೆನ್ ಸುಕ್ರಾ, ಸುಕ್ರಾನ ಅಮ್ಮ.

"ಇವ್ರೇನಾ ಅವ್ರು?" ಎಂದಳು ಮೆನ್ ಸುಕ್ರಾ. "ನಮ್ ಸಮುದ್ರ ಬರಿದಾಗೋಯ್ತು ಅಂತ ಕಾಗದದ ಮೇಲೆ ಬರ್ದೋರು?"

"ಬರಿದಾಯ್ತು ಅಂತ ನಾನು ಬರೆದಿಲ್ಲ. ಎಷ್ಟು ಟನ್ ಹೋಯ್ತು ಅಂತ ಬರೆದೆ. ಈ ಮೂರು ತಿಂಗಳಿಗೆ ತೊಂಬತ್ತೊಂದು."

"ತೊಂಬತ್ತೊಂದು ಟನ್ನು! ನಮ್ಮೂರ ಜನಾನೆಲ್ಲ ತಂದು ತಕ್ಕಡಿ ಮೇಲೆ ಕೂರ್ಸಿದ್ರೂ ಅಷ್ಟಾಗಲ್ಲ ಬು. ಬ್ಲಿ ಮೆರ್ತಾನ ಹೊಟ್ಟೇನೂ ಸೇರ್ಸಿ ಹೇಳ್ತಿದೀನಿ."

ಮೇಜಿನ ಹೆಂಗಸರು ನಕ್ಕರು. ಮೆರ್ತಾ ಹೊಟ್ಟೆಯ ಮೇಲೆ ಅಂಗಿ ಎಳೆದುಕೊಂಡ.

"ವಿಷ ಹಾಕಿ ಮೀನು ಹಿಡಿಯೋದ ಬಿಟ್ಟು ಹದಿನಾರು ವರ್ಷ ಆಯ್ತು," ಮೆನ್ ಸುಕ್ರಾ ನಗದೆ ಮುಂದುವರಿಸಿದಳು. "ನನ್ ಗಂಡ, ಮೈದುನ ಎಲ್ಲ ಒಂದೊಂದನ್ನೇ ಬಲೆಯಿಂದ ಬಿಡಿಸ್ಕೊಂಡು ಬರ್ತಾರೆ. ನಾವು ಎಣಿಸಿ ಕೊಡೋರು. ತೂಕ ಗೀಕ ನಮಗೆ ಗೊತ್ತಿಲ್ಲ. ಹೋದ್ ವರ್ಷ ಎಷ್ಟು ಹಿಡಿದ್ವೋ ಈ ವರ್ಷಾನೂ ಅಷ್ಟೇ. ಬೇಕಾದ್ರೆ ನೀವೇ ಎಣಿಸ್ಕೊಳ್ಳಿ."

ದೇಸಾಕ್‌ಳ ಕಣ್ಣು ಮೇಜಿನ ಮೇಲಿತ್ತು. ಕಿರುಬೆರಳಿನಷ್ಟಿದ್ದ ಕಿತ್ತಳೆ ಬಣ್ಣದ ಮೀನೊಂದಕ್ಕೆ ಒಬ್ಬಾಕೆ ಅರ್ಧ ಲೀಟರಿನ ಹತ್ತಿರ ನೀರು ಸುರಿದಿದ್ದಳು.

"ಯಾವಾಗಲೂ ಇಷ್ಟೇ ನೀರು ಹಾಕ್ತೀರಾ?"

"ಮೊದಲು ಒಂದು ಲೋಟ ಸಾಕಿತ್ತು," ಎಂದ ಮೆರ್ತಾ. "ಸಂಜೆ ಹತ್ತಿಸಿದರೆ ಬೆಳಿಗ್ಗೆ ಇಳೀತಿತ್ತು. ಮಾರ್ಚ್ ಕೊನೇಲಿ ಆ ನೇರ ವಿಮಾನ ನಿಲ್ಲಿಸಿಬಿಟ್ರಲ್ಲ. ಈಗ ಎರಡು ಕಡೆ ಬದಲಾಯಿಸಬೇಕು. ಮೂವತ್ತಾರು ಗಂಟೆ. ಲೋಟದ ನೀರಲ್ಲಿ ಅಲ್ಲೀ ತನಕ ಬದುಕಲ್ಲ ಬು."

"ತೂಕ ಬರೆಯೋವಾಗ ನೀರು ಕಳೀತೀರಿ ತಾನೆ?"

"ಪೆಟ್ಟಿಗೆ ಕಳೀತೀವಿ. ನೀರು ಯಾಕೆ ಕಳೀಬೇಕು? ನೀವೇ ಹೇಳಿದ್ದಲ್ವಾ?"

ಅವನು ಗೋಡೆ ತೋರಿಸಿದ. ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ಅಲ್ಲಿ ಮೊಳೆಗೆ ನೇತಾಡುತ್ತಿತ್ತು. ಏಜೆಂಟರಿಗೆ ಸೂಚನೆಗಳು. ಆರನೆಯದು: 'ಜೀವಂತ ಮೀನು: ಹೊರಪೆಟ್ಟಿಗೆಯ ತೂಕ ಕಳೆದು ಉಳಿದದ್ದನ್ನು ಬರೆಯುವುದು.' ಕೆಳಗೆ ಹನ್ನೊಂದು ವರ್ಷ ಹಿಂದಿನ ತಾರೀಖು, ಅವಳ ಸಹಿ.

ಅವಳಿಗೆ ನೆನಪಾಯಿತು. ಆ ಕುರ್ಚಿಗೆ ಬಂದ ಮೊದಲ ತಿಂಗಳು. ನೀರಿನಿಂದ ತೆಗೆದರೆ ಸಾಯುವ ಮೀನನ್ನು ಹೇಗೆ ತೂಗುವುದು ಎಂದು ಯಾರೋ ಫೋನಿನಲ್ಲಿ ಕೇಳಿದ್ದರು. ಊಟಕ್ಕೆ ಹೊರಟಿದ್ದವಳು ನಿಂತಲ್ಲೇ ಉತ್ತರ ಹೇಳಿದ್ದಳು. ಮಧ್ಯಾಹ್ನ ಅದನ್ನೇ ಟೈಪ್ ಮಾಡಿದ್ದಳು. ಮೂರು ನಿಮಿಷದ ಕೆಲಸ. ಅಲ್ಲಿಂದ ಮುಂದೆ ಪ್ರತಿ ಚೀಲದಲ್ಲೂ ಅಷ್ಟೇ ನೀರು ಹೋಗುತ್ತಿದ್ದುದರಿಂದ ಯಂತ್ರ ಒಮ್ಮೆಯೂ ಹಳದಿ ಬಳಿಯಲಿಲ್ಲ. ದಾರಿ ಉದ್ದವಾಯಿತು, ನೀರು ಹೆಚ್ಚಾಯಿತು. ಅವಳ ಪಟ್ಟಿಯಲ್ಲಿ ಮೀನು ಹೆಚ್ಚಾಯಿತು.

ಅವಳು ಆ ಹಾಳೆಯನ್ನು ಮೊಳೆಯಿಂದ ಬಿಡಿಸಿ ಕೈಗೆ ತೆಗೆದುಕೊಂಡಳು.

"ಏನಾಯ್ತು ಬು?" ಎಂದಳು ಮೆನ್ ಸುಕ್ರಾ.

"ಮಂಜುಗಡ್ಡೆ ಕಂಡಿತ್ತು ನನಗೆ. ನೀರು ಕಾಣಲಿಲ್ಲ," ಎಂದಳು ದೇಸಾಕ್. ಬಳಿಕ ಕೈಚೀಲವನ್ನು ಕುರ್ಚಿಗೆ ನೇತುಹಾಕಿ ತೋಳು ಮಡಿಸಿಕೊಂಡಳು. "ಬ್ಲಿ, ಒಂದು ಬಕೆಟ್ ಕೊಡಿ. ಸಣ್ಣ ತಕ್ಕಡೀನೂ ಬೇಕು. ಚಿನ್ನದಂಗಡೀಲಿ ಇರುತ್ತಲ್ಲ, ಅಂಥದ್ದು."

ನೀರಿನ ಬಕೆಟ್ಟನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ಬಲೆಯಲ್ಲಿ ನೀರು ಜಾಡಿಸಿ, ಇಪ್ಪತ್ತು ಮೀನು ಬಿಟ್ಟರು. ನೂರ ಹದಿನೆಂಟು ಗ್ರಾಂ. ಇನ್ನಿಪ್ಪತ್ತು: ನೂರ ಇಪ್ಪತ್ತಮೂರು. ಮೂರು ದಿನ ಅವಳು ಶೆಡ್ಡಿಗೇ ಬಂದಳು. ಮೇಜಿನ ಮೇಲೆ ಸಿಕ್ಕಿದ್ದನ್ನು ತೂಗಲಿಲ್ಲ. ಒಂದು ಬಿಟ್ಟು ಒಂದು ಪೆಟ್ಟಿಗೆಯನ್ನು ಬಿಚ್ಚಿಸಿದಳು. ಮೂರನೇ ದಿನ ಸಂಜೆಗೆ ಎರಡು ಸಾವಿರದ ಮುನ್ನೂರು ಮೀನು ತೂಗಿ ಆಗಿತ್ತು. ಸರಾಸರಿ ಆರು ಗ್ರಾಂ.

"ಮದುವೆ ಒಡವೆ ತೂಗೋರೂ ಇಷ್ಟು ಹೊತ್ತು ತಗೊಳಲ್ಲ," ಎಂದಳು ಮೆನ್ ಸುಕ್ರಾ. ಹೀಗೆ ಅಂದರೂ ಬಲೆ ಹಿಡಿದು ಮೂರು ದಿನವೂ ಪಕ್ಕದಲ್ಲಿ ನಿಂತವಳು ಅವಳೇ. ಬೇರೆಯವರ ಕೈಗೆ ಕೊಟ್ಟರೆ ಮೀನಿನ ರೆಕ್ಕೆ ಹರಿಯುತ್ತದೆ ಎಂದು ಅವಳ ವಾದ.

ಪ್ರತಿ ರವಾನೆಯ ಜೊತೆಗೂ ಯಾವ ಜಾತಿಯ ಮೀನು ಎಷ್ಟು ಎಂಬ ಚೀಟಿ ಹೋಗುತ್ತದೆ. ಅದರ ನಕಲುಗಳನ್ನು ಏಜೆಂಟರು ರಟ್ಟಿನ ಡಬ್ಬಗಳಲ್ಲಿ ತುಂಬಿಟ್ಟಿದ್ದರು. ಮೊದಲ ಮೂರು ತಿಂಗಳಿಗೆ ಎರಡು ಲಕ್ಷದ ಒಂದು ಸಾವಿರದ ನಾನೂರು ಮೀನು. ಮುಂದಿನ ಮೂರು ತಿಂಗಳಿಗೆ ಒಂದು ಲಕ್ಷದ ತೊಂಬತ್ತೆಂಟು ಸಾವಿರದ ಏಳುನೂರು. ಮೆನ್ ಸುಕ್ರಾ ಊರಿಂದ ತಂದ ಎಣಿಕೆಯ ಪುಸ್ತಕದ ಜೊತೆ ದೇಸಾಕ್ ಅವಳ ಪಾಲನ್ನು ತಾಳೆ ನೋಡಿದಳು. ಎರಡು ತಿಂಗಳ ಪುಟಗಳಲ್ಲಿ ಏಳೇ ಏಳು ಮೀನಿನ ವ್ಯತ್ಯಾಸ ಬಂತು.

"ಆ ಏಳು ದಾರೀಲಿ ಸತ್ತಿದ್ವು," ಎಂದಳು ಮೆನ್ ಸುಕ್ರಾ. "ಕೆಳಗಡೆ ಬರ್ದಿದೀನಿ, ನೋಡಿ."

ಬರೆದಿದ್ದಳು.

ಹನ್ನೆರಡನೇ ತಾರೀಖು ಪಾಕ್ ಹೆರ್ಮಾವನ್ ಹೊಸ ಪಟ್ಟಿಯನ್ನು ಎರಡು ಸಲ ಓದಿದ.

"ಒಂದು ಪಾಯಿಂಟ್ ಎರಡು ಟನ್?"

"ಹೌದು ಪಾಕ್. ಎರಡೂ ತ್ರೈಮಾಸಿಕಕ್ಕೆ ಅಷ್ಟೇ."

"ತೊಂಬತ್ತೊಂದು ಎಲ್ಲಿ ಹೋಯ್ತು?"

"ಉಳಿದದ್ದೆಲ್ಲ ನೀರು."

ಅವನು ಬಾಗಿಲು ಮುಚ್ಚಿ ಬಂದ. "ನೋಡಿ, ಹೀಗೆ ಮಾಡೋಣ. ಜುಲೈಯಿಂದ ಹೊಸ ವಿಧಾನ ಅಂತ ಹಾಕೋಣ. ಹಿಂದಿನದ್ದು ಹಾಗೇ ಇರಲಿ. ಹನ್ನೊಂದು ವರ್ಷದ್ದನ್ನ ಯಾರು ಕೆದಕ್ತಾರೆ?"

"ಆಗ ತೊಂಬತ್ತೊಂದರಿಂದ ಒಂದಕ್ಕೆ ಬಿದ್ದ ಹಾಗೆ ಕಾಣುತ್ತೆ ಪಾಕ್. ಆರು ತಿಂಗಳು ಮುಚ್ಚಬೇಕು ಅಂದೋರು ಮೀನೇ ಮುಗೀತು ಅಂತ ಪೂರ್ತಿ ಮುಚ್ಚಿಬಿಡ್ತಾರೆ. ನಲವತ್ತು ಮನೆ ಇದೆ ಅಲ್ಲಿ."

"ವಿಮಾನದಲ್ಲಿ ಹೋದ ಸರಕಿನ ಒಟ್ಟು ತೂಕಾನೇ ಏಳು ಪರ್ಸೆಂಟ್ ಇಳಿಯುತ್ತೆ. ಕೇಳಿದರೆ ನಾನು ಏನು ಹೇಳಲಿ? ಜಕಾರ್ತಾದಲ್ಲಿ ನೀವು ಏನು ಪಾಠ ಹೇಳ್ತೀರಿ?"

"ಆಮೇಲೂ ಕರೆದರೆ ಇದನ್ನೇ ಹೇಳ್ತೀನಿ. ಕರೀದಿದ್ದರೆ ಇಲ್ಲೇ ಇರ್ತೀನಿ, ಕೆಲಸ ಇದೆ."

ಅವನು ಪೆನ್ನು ತೆಗೆದು ಅಡಿಟಿಪ್ಪಣಿಗೆ ಒಂದು ವಾಕ್ಯ ಬರೆದು ಅವಳತ್ತ ತಳ್ಳಿದ: 'ಮಾಪನ ವಿಧಾನದ ಪರಿಷ್ಕರಣೆಯ ಹಿನ್ನೆಲೆಯಲ್ಲಿ ಕೆಲವು ಅಂಕಿಗಳಲ್ಲಿ ಬದಲಾವಣೆ ಕಂಡುಬಂದಿದೆ.' ದೇಸಾಕ್ ಅದನ್ನು ಓದಿ, ಹೊಡೆದುಹಾಕಿ, ಕೆಳಗೆ ತಾನು ಬರೆದಳು: 'ಹಿಂದಿನ ಅಂಕಿಗಳಲ್ಲಿ ಮೀನಿನ ಜೊತೆ ನೀರಿನ ತೂಕವೂ ಸೇರಿತ್ತು. ಹಾಗೆ ಬರೆಯಲು ಸೂಚಿಸಿದ್ದು ಈ ಕಚೇರಿ, ಏಜೆಂಟರ ತಪ್ಪಿಲ್ಲ.'

"ಎರಡನೇ ವಾಕ್ಯ ಬೇಕೇಬೇಕಾ?"

"ಮೊದಲನೇದನ್ನ ಬೇಕಾದರೆ ಬಿಡಿ ಪಾಕ್. ಎರಡನೇದು ಇರಲಿ."

ಹೆರ್ಮಾವನ್ ಕಾಗದವನ್ನು ತನ್ನತ್ತ ಎಳೆದುಕೊಂಡ. "ನಿಮ್ಮ ಜೊತೆ ವಾದ ಮಾಡೋಕಿಂತ ಸುರಬಯಾಕ್ಕೆ ನಡ್ಕೊಂಡು ಹೋಗೋದು ಸುಲಭ," ಎಂದು ಸಹಿ ಹಾಕಿದ. ಎರಡೂ ವಾಕ್ಯ ಉಳಿದವು.

ಮೂರು ದಿನದಲ್ಲಿ ಅವಳು ಹನ್ನೊಂದು ವರ್ಷವನ್ನು ಮತ್ತೆ ಕಟ್ಟಿದಳು. ಮಧ್ಯಾಹ್ನದ ಬಾಳೆಯೆಲೆಯ ಅನ್ನದ ಪೊಟ್ಟಣವನ್ನು ರಟ್ಟಿನ ಡಬ್ಬಗಳ ಮೇಲೇ ಬಿಚ್ಚಿಕೊಂಡು ತಿಂದಳು. ನಲವತ್ತಮೂರು ತ್ರೈಮಾಸಿಕಗಳ ಚೀಟಿ ಸಿಕ್ಕಿತು. ಮಳೆನೀರು ನುಗ್ಗಿ ಒಂದರ ಡಬ್ಬ ಕೊಳೆತುಹೋಗಿತ್ತು. ಹಿಂದಿನದರ ಮತ್ತು ಮುಂದಿನದರ ಸರಾಸರಿ ಹಾಕಬಹುದಲ್ಲ ಎಂದರು ಯಾರೋ. ಅವಳು ಅಲ್ಲೊಂದು ಅಡ್ಡಗೆರೆ ಎಳೆದಳು. ಗೊತ್ತಿಲ್ಲದ್ದಕ್ಕೆ ಗೆರೆ. ಹದಿನೈದನೇ ತಾರೀಖು ಪ್ರಕಟಣೆಯ ಹೊತ್ತಿನಲ್ಲಿ, ಆ ಸೂಚನೆ ಬರೆದದ್ದು ಯಾರು ಎಂದು ಪತ್ರಕರ್ತನೊಬ್ಬ ಕೇಳಿದ. ಹೆರ್ಮಾವನ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ "ನಾನು" ಎಂದಳು ದೇಸಾಕ್, ಮತ್ತು ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿ ಬರೆಸಿದಳು.

ಹದಿನೇಳರ ಸಭೆಯಲ್ಲಿ ಮೀನುಗಾರಿಕೆಯ ಅಧಿಕಾರಿ ಪಾಕ್ ವಿಬಾವಾನ ಮುಂದೆ ಆದೇಶದ ಕರಡು ಇತ್ತು. ಗೋಡೆಯ ಬದಿಯ ಬೆಂಚಿನಲ್ಲಿ ಮೆನ್ ಸುಕ್ರಾ ತನ್ನೂರಿನ ನಾಲ್ವರ ಜೊತೆ ಕೂತಿದ್ದಳು.

"ಒಂದು ಪಾಯಿಂಟ್ ಎರಡು, ಆಮೇಲೆ ಮತ್ತೆ ಒಂದು ಪಾಯಿಂಟ್ ಎರಡು," ಎಂದ ವಿಬಾವಾ. "ಏರಿತಾ, ಇಳೀತಾ? ಇನ್ನೊಂದು ದಶಮಾಂಶ ಕೊಡಿ."

"ಕೊಡೋಕಾಗಲ್ಲ ಪಾಕ್. ನಾನು ತೂಗಿದ್ದು ಒಂದು ದಶಮಾಂಶಕ್ಕೆ ಮಾತ್ರ ಸಾಲುತ್ತೆ."

"ಅಂದರೆ ಹವಳದ ದಿಬ್ಬಕ್ಕೆ ಏನೂ ಆಗಿಲ್ಲ ಅಂತ ನೀವು ಹೇಳ್ತಿದ್ದೀರಿ."

"ಅದನ್ನೂ ಹೇಳ್ತಿಲ್ಲ. ವಿಮಾನದಲ್ಲಿ ಮೀನು ಎಷ್ಟು ಹೋಯ್ತು ಅಂತ ನನ್ನ ಪಟ್ಟಿ ಹೇಳುತ್ತೆ. ಸಮುದ್ರದಲ್ಲಿ ಎಷ್ಟು ಉಳಿದಿದೆ ಅಂತ ನೀರಿಗೆ ಇಳಿದೇ ನೋಡಬೇಕು."

ಬೆಂಚಿನಲ್ಲಿ ಯಾರೋ ಕೆಮ್ಮಿದರು. ಮೆನ್ ಸುಕ್ರಾ ಎದ್ದುನಿಂತಳು. "ಇಳೀರಿ ಪಾಕ್. ದೋಣಿ ನಮ್ದು. ಈಜು ಬರ್ದಿದ್ರೆ ನನ್ ಗಂಡ ಹಿಡ್ಕೋತಾನೆ."

ವಿಬಾವಾ ನಗಲಿಲ್ಲವಾದರೂ ಕರಡಿನ ಮೇಲಿದ್ದ ತಾರೀಖನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿ, ಅಂಚಿನಲ್ಲಿ 'ಮೊದಲು ಮುಳುಗುಗಾರರ ಸಮೀಕ್ಷೆ' ಎಂದು ಬರೆದ.

ಹೊರಗೆ ಬಿಸಿಲು ನೆತ್ತಿಗೇರಿತ್ತು. ಪಿಕಪ್ಪಿನ ಹಿಂದೆ ಸಮುದ್ರದ ನೀರಿನ ಡ್ರಮ್ಮುಗಳು ಅರ್ಧ ತುಂಬಿದ್ದವು. ಮೆನ್ ಸುಕ್ರಾ ಪಟ್ಟಿಯ ಒಂದು ಪ್ರತಿ ಕೇಳಿ ಪಡೆದು, ಆ ಎರಡು ವಾಕ್ಯ ಎಲ್ಲಿದೆ ತೋರಿಸಿ ಎಂದಳು. ದೇಸಾಕ್ ಬೆರಳಿಟ್ಟು ತೋರಿಸಿದಳು. ಮೆನ್ ಸುಕ್ರಾ ತುಟಿ ಆಡಿಸುತ್ತ ನಿಧಾನವಾಗಿ ಓದಿದಳು, ಓದಿದ ಮೇಲೆ ನಾಲ್ಕಾಗಿ ಮಡಚಿ ಎಣಿಕೆಯ ಪುಸ್ತಕದೊಳಗೆ ಇಟ್ಟುಕೊಂಡಳು.

"ಬರ್ತೀನಿ ಬು. ನಾಳೆ ಬಲೆ ಇದೆ."

ಪಿಕಪ್ಪು ಗೇಟು ದಾಟಿ ತಿರುಗುವಾಗ ಡ್ರಮ್ಮುಗಳು ತುಳುಕಿ ಟಾರಿನ ಮೇಲೆ ಉದ್ದಕ್ಕೂ ಒದ್ದೆ ಗೆರೆ ಬಿತ್ತು. ದೇಸಾಕ್ ಮರದ ನೆರಳಲ್ಲಿ ನಿಂತು ನೋಡಿದಳು. ಗೆರೆ ಅಂಚಿನಿಂದ ಒಳಕ್ಕೆ ಆರುತ್ತ ಬಂತು, ಸಣ್ಣದಾಯಿತು, ಇಲ್ಲವಾಯಿತು. ಅದು ಇದ್ದ ಜಾಗದಲ್ಲಿ ಉಪ್ಪು ಬೆಳ್ಳಗೆ, ಬಲು ತೆಳ್ಳಗೆ ಉಳಿದಿತ್ತು.