ಜೇಬಿರುವ ಡೇರೆ

ಹೋದ ವರ್ಷ ಕೆರೆಯ ದಂಡೆಯಲ್ಲಿ ಡೇರೆ ಹಾಕಿ ಮಲಗಿದ್ದಾಗ ಮಗಳ ಎರಡೂ ಪಾದಗಳು ಹೊರಗಿದ್ದವು. ಅದೇ ಎಲ್ಲದಕ್ಕೂ ಮೂಲ. ಬಾಡಿಗೆಗೆ ತಂದ ಡೇರೆ, ಬೆಳೆದ ಹುಡುಗಿ, ಹಸಿದ ಸೊಳ್ಳೆಗಳು. ಬೆಳಗಾಗುವಷ್ಟರಲ್ಲಿ ಅವಳ ಪಾದಗಳು ಊದಿ ಚಪ್ಪಲಿಯೊಳಗೆ ಹೋಗದಂತಾಗಿದ್ದವು. ವಾಪಸು ಬರುವಾಗ ಕಾರಿನಲ್ಲಿ ಅವಳು ಒಂದೇ ಮಾತು ಹೇಳಿದಳು.

“ಅಪ್ಪಾ, ಇದೇ ಕೊನೆ. ಮುಂದಿನ ವರ್ಷದಿಂದ ನೀವು ಮೂರು ಜನ ಹೋಗಿ ಬನ್ನಿ.”

ಅಪ್ಪ ಟೈಲರ್. ಪೇಟೆಯಲ್ಲಿ ಮೆಟ್ಟಿಲ ಕೆಳಗಿನ ಅಂಗಡಿ, ಎರಡು ಮಿಷನ್ನು, ಕುತ್ತಿಗೆಯಲ್ಲಿ ಸದಾ ಟೇಪು. ಸ್ನಾನಕ್ಕೆ ಹೋಗುವಾಗಲೂ ಅದನ್ನು ತೆಗೆಯುವುದು ಮರೆಯುತ್ತಾನೆ ಅಂತ ಹೆಂಡತಿಯ ದೂರು. ಆಕೆ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ದಿನವಿಡೀ ಜನರ ಬಾಯಿ ನೋಡಿ ಬೇಸತ್ತು ಬಂದವಳು, ಮನೆಯಲ್ಲಿ ಗಂಡನ ಬಾಯಿ ಮುಚ್ಚಿಸುವುದರಲ್ಲಿ ಎತ್ತಿದ ಕೈ.

“ಹುಡುಗಿ ದೊಡ್ಡವಳಾದಳು, ಬಿಟ್ಟುಬಿಡ್ರೀ,” ಎಂದಳು ಆಕೆ.

ಬಿಡುವುದೆಂದರೇನು? ಹೆಗಲ ಮೇಲೆ ಕೂತು ಅವನ ಕಿವಿಗಳನ್ನೇ ಸ್ಟೇರಿಂಗ್ ಮಾಡಿಕೊಂಡು ಕೆರೆ ಸುತ್ತಿದವಳು ಈಗ “ಬರಲ್ಲ” ಎಂದರೆ ಅವನಿಗೆ ಹೇಗಾಗಬೇಡ! ಟೈಲರ್ ಬಡಪೆಟ್ಟಿಗೆ ಬಗ್ಗುವ ಆಸಾಮಿಯಲ್ಲ. ವರ್ಷ ತಿರುಗುತ್ತಲೇ ಮಗಳ ಮುಂದೆ ನಿಂತ.

“ಬಾಡಿಗೆ ಡೇರೆ ಬೇಡ. ನಾನೇ ಹೊಲಿತೀನಿ. ನಿನ್ನ ಅಳತೆಗೆ.”

ಮಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಒಂದೇ ಒಂದು ಸಲ ಬರ್ತೀನಿ. ಅದೂ ಸರಿ ಹೋಗ್ಲಿಲ್ಲವೋ, ಆಮೇಲೆ ನನ್ನನ್ನ ಕರೀಲೇಬಾರದು.”

ಅಷ್ಟು ಸಿಕ್ಕಿದ್ದೇ ಅವನಿಗೆ ಸಾಕಾಗಿತ್ತು. ಮಾರನೆಯ ದಿನವೇ ಅಂಗಡಿಯ ನೆಲದಲ್ಲಿ ಸಂಸಾರವನ್ನೆಲ್ಲ ಸಾಲಾಗಿ ಮಲಗಿಸಿ ಅಳತೆ ತೆಗೆದ. ಕೋಟು ತೆಗೆದುಕೊಂಡು ಹೋಗಲು ಬಂದಿದ್ದ ಗಿರಾಕಿಯೊಬ್ಬ ಬಾಗಿಲಲ್ಲಿ ಈ ನಾಲ್ವರನ್ನು ನೋಡಿ, ಆಮೇಲೆ ಬರ್ತೀನಿ ಅಂತ ಮೆಲ್ಲಗೆ ಜಾಗ ಖಾಲಿ ಮಾಡಿದ. ಚಿಕ್ಕ ಮಗ, ಮನೆಯಲ್ಲೆಲ್ಲ ಅವನನ್ನು ಕರೆಯುವುದೇ ಬುಗುರಿ ಅಂತ, ಹೆಸರಿಗೆ ತಕ್ಕಂತೆ ಉರುಳಿ ಉರುಳಿ ಅಳತೆ ಕೆಡಿಸಿದ.

ಡೇರೆ ಏನೋ ಆಯಿತು. ಆದರೆ ಕೈ ಕೇಳಬೇಕಲ್ಲ! ಬಟ್ಟೆ ಕಂಡ ಕೂಡಲೇ ಜೇಬು ಇಡುವ ಕೈ ಅದು. ಹೊರಗೆ ಎರಡು ಜೇಬು ಬಂದವು, ಅವಕ್ಕೆ ಗುಂಡಿ ಬಂತು, ಹಗ್ಗ ತೂರಿಸಲು ಸೊಂಟಪಟ್ಟಿಗೆ ಹಾಕುವಂಥ ಪಟ್ಟಿಗಳು ಬಂದವು. ನೆಲಕ್ಕೂ ಗೋಡೆಗೂ ಜೋಡಿ ಹೊಲಿಗೆ. ಬಾಗಿಲಿಗೆ ಉದ್ದದ ಜಿಪ್ಪು.

“ಕಾಲರ್ ಒಂದು ಇಟ್ಟಿದ್ರೆ ಮದುವೆಗೇ ಹಾಕ್ಕೊಂಡು ಹೋಗಬಹುದಿತ್ತು,” ಎಂದಳು ಹೆಂಡತಿ.

ಕೆರೆಯ ದಂಡೆಯಲ್ಲಿ ಡೇರೆ ಎದ್ದು ನಿಂತಾಗ ಆಚೀಚೆ ಬಿಡಾರ ಹೂಡಿದ್ದವರೆಲ್ಲ ಬಂದು ನೋಡಿದರು. ಒಬ್ಬಾತ ಜೇಬಿಗೆ ಕೈ ಹಾಕಿಯೂ ನೋಡಿ, ಭೇಷ್ ಎಂದ. ಟೈಲರ್ ಎದೆಯುಬ್ಬಿಸಿ ನಿಂತಿದ್ದ. ಮಗಳು ಮಾತ್ರ ಈ ಜನ ತನಗೆ ಸಂಬಂಧವೇ ಇಲ್ಲದವರೆಂಬಂತೆ ದೂರದ ಬಂಡೆಯ ಮೇಲೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮುಖ ಊದಿಸಿಕೊಂಡು ಕೂತಿದ್ದಳು.

ಮಧ್ಯಾಹ್ನ ಊಟ ಮುಗಿದು ಮೂವರು ಒಳಗೆ ಅಡ್ಡಾಗಿದ್ದಾಗ ಗಾಳಿಯೆದ್ದಿತು. ಕಣ್ಣಲ್ಲಿ, ಬಾಯಲ್ಲಿ ಮಣ್ಣು. ನೀರು ಕುಡಿಯಲು ಬಂದಿದ್ದ ಮಗಳಿಗೆ ಅಪ್ಪ ಕೂಗಿ ಹೇಳಿದ, “ಜಿಪ್ಪು ಎಳೆದುಬಿಡಮ್ಮ!”

ಅವಳು ಸರ್ರನೆ ಎಳೆದು ಹೋದಳು.

ಸ್ವಲ್ಪ ಹೊತ್ತಿಗೆ ಗಾಳಿ ನಿಂತಿತು. ಬುಗುರಿಗೆ ಅವಸರವಾಯಿತು. ಟೈಲರ್ ಬಾಗಿಲ ಹತ್ತಿರ ಹೋಗಿ ಜಿಪ್ಪಿನ ಹಿಡಿ ಹುಡುಕಿದ. ಮೇಲೆ ತಡಕಿದ, ಕೆಳಗೆ ತಡಕಿದ. ಇಲ್ಲ. ಹಿಡಿ ಹೊರಗಡೆಯಿತ್ತು. ಹೊರಗಡೆ ಮಾತ್ರ ಇತ್ತು. ಅವನಾದರೂ ಏನು ಮಾಡಿಯಾನು? ಇಷ್ಟು ವರ್ಷ ಪ್ಯಾಂಟಿಗೆ ಜಿಪ್ಪು ಇಟ್ಟಿದ್ದಾನೆ. ಒಳಗಿನಿಂದ ತೆಗೆಯುತ್ತೇನೆ ಅಂದ ಗಿರಾಕಿ ಒಬ್ಬನೂ ಬಂದಿರಲಿಲ್ಲ.

“ಏನಾಯ್ತು?” ಹೆಂಡತಿ ಎದ್ದು ಕೂತಳು.

“ಏನಿಲ್ಲ. ಸ್ವಲ್ಪ ತಡಿ.”

“ಅಪ್ಪಾ, ನಂಗೆ ತಡಿಯಕ್ಕಾಗಲ್ಲ,” ಎಂದ ಬುಗುರಿ.

ವಿಷಯ ತಿಳಿದಾಗ ಆಕೆಯ ಪಿತ್ತ ನೆತ್ತಿಗೇರಿತು. “ಊರವರಿಗೆಲ್ಲ ಎರಡೆರಡು ಸಲ ಟ್ರಯಲ್ ನೋಡ್ತೀರಲ್ಲ, ಇದಕ್ಕೆ ನೋಡ್ಲಿಲ್ವಾ?”

“ಅಂಗಡೀಲಿ ಎಲ್ಲಿ ಜಾಗ ಇತ್ತೇ?”

“ಕತ್ತರಿ ಎಲ್ಲಿ?”

“ಕಾರಲ್ಲಿ.”

“ಹರಿದು ಹಾಕಿ ಹಾಗಾದ್ರೆ!”

ಹರಿಯಲು ನೋಡಿದ. ಆದರೆ ಅದು ಅವನೇ ಹಾಕಿದ ಜೋಡಿ ಹೊಲಿಗೆ, ಬಿಡುತ್ತದೆಯೇ? ಹೊಲಿಗೆ ಜಗ್ಗದೆ ಇದ್ದದ್ದಕ್ಕೆ ಆ ಹೊತ್ತಿನಲ್ಲೂ ಅವನಿಗೆ ಒಂದಿಷ್ಟು ಹೆಮ್ಮೆಯಾಯಿತು. ಮೂವರೂ ಸೇರಿ ಮಗಳನ್ನು ಕೂಗಿದರು. ಹೊರಗೆ ಯಾರೋ ಹೆಜ್ಜೆ ನಿಲ್ಲಿಸಿ ಕೇಳಿದರು, “ಏನ್ ಸಾರ್, ಏನಾದ್ರೂ ತೊಂದ್ರೇನಾ?”

ಜೇಬಿಗೆ ಕೈ ಹಾಕಿ ಹೊಗಳಿ ಹೋದವನ ದನಿ! “ಇಲ್ಲ ಇಲ್ಲ, ಹಾಡು ಹೇಳ್ತಾ ಇದ್ದೀವಿ,” ಎಂದುಬಿಟ್ಟ ಟೈಲರ್. ಹೆಂಡತಿ ಡೇರೆಯ ಮಬ್ಬಿನಲ್ಲೇ ಅವನ ತೋಳು ಹಿಡಿದು ಚಿವುಟಿದ ಚಿವುಟಿಗೆ ಜೀವ ಬಾಯಿಗೆ ಬಂತು.

ಕೊನೆಗೆ ಡೇರೆ ತಾನಾಗಿಯೇ ಕುಣಿಯುವುದನ್ನು ಕಂಡು ಮಗಳು ಇಯರ್‌ಫೋನ್ ಕಿತ್ತು ಓಡಿಬಂದಳು. ಒಳಗಿನಿಂದ ಮೂರು ದನಿಯಲ್ಲಿ ವಿಷಯ ಕೇಳಿದಳು. ನಕ್ಕಳು ನೋಡಿ! ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಬರುವಷ್ಟು ನಕ್ಕಳು.

“ಲೇ, ನಗು ಆಮೇಲೆ! ಮೊದ್ಲು ತೆಗಿ!” ಅಂತ ಬುಗುರಿ ಅಳುವಂತಾದ.

ಜಿಪ್ಪು ತೆರೆದದ್ದೇ ತಡ, ಅವನು ಪೊದೆಯತ್ತ ಪರಾರಿ. ಅವನ ಹಿಂದೆ ಅಮ್ಮ. ಟೈಲರ್ ಮಾತ್ರ ಒಳಗೇ ಕೂತ. ಮಗಳ ನಗು ಕೇಳಿ ಅವನ ಜೀವ ಇನ್ನಷ್ಟು ಕುಗ್ಗಿತ್ತು. ಇದ್ದದ್ದು ಒಂದೇ ಅವಕಾಶ. ಅದನ್ನೂ ಕೈಯಾರೆ ಹಾಳು ಮಾಡಿದೆನಲ್ಲ ಅಂತ ಅವನಿಗೆ ಅಳುವೇ ಬಂತು.

“ಆಯ್ತು ಬಿಡಮ್ಮ,” ಎಂದ. “ಗಂಟುಮೂಟೆ ಕಟ್ಟೋಣ. ಇನ್ನು ನಿನ್ನ ಕರೆಯಲ್ಲ.”

ಮಗಳು ಒಳಗೆ ಬಂದಳು. ಅವನ ಪಕ್ಕದಲ್ಲೇ ಉದ್ದಕ್ಕೆ ಮಲಗಿ ಕಾಲು ಚಾಚಿದಳು. “ಕಾಲು ಹೊರಗೆ ಹೋಗಲ್ಲ. ಆದರೆ ಬೆರಳು ತಾಗ್ತಾ ಇದೆ ಅಪ್ಪಾ.”

“ಅಳತೆ ತಗೊಂಡ ಮೇಲೆ ಬೆಳೆದಿದ್ದೀಯ. ಅಲ್ಲಿ ಮಡಿಕೆ ಇಟ್ಟಿದ್ದೀನಿ, ಬಿಚ್ಚಿದ್ರೆ ಉದ್ದ ಬರುತ್ತೆ.”

“ಎಷ್ಟು?”

“ಒಂದು ಗೇಣು.”

“ಒಂದು ಗೇಣಾ? ನಾನೇನು ತೆಂಗಿನಮರಾನಾ?”

“ಬೆಳೆಯೋ ಮಕ್ಕಳ ಬಟ್ಟೆಗೆ ಬಿಡ್ಬೇಕಮ್ಮ,” ಎಂದ, ತಲೆಯೆತ್ತದೆ.

ಅಷ್ಟರಲ್ಲಿ ಜಿಪ್ಪು ಸರ್ರೆಂದಿತು. ಹೊರಗಿನಿಂದ ಹೆಂಡತಿಯ ದನಿ: “ಈಗ ನೀವಿಬ್ಬರೂ ಹಾಡು ಹೇಳಿ. ಟೀ ಆದ ಮೇಲೆ ತೆಗಿತೀನಿ.” ಬುಗುರಿಯ ಕಿಲಕಿಲ ಕೇಳಿಸಿತು.

ಒಳಗೆ ಮಬ್ಬುಗತ್ತಲು. ಮಗಳು ಕಾಲಿನ ಬೆರಳಿನಿಂದ ಮಡಿಕೆಯನ್ನು ತಡಕುತ್ತಿದ್ದಳು.

“ಅಪ್ಪಾ.”

“ಹೂಂ.”

“ಮುಂದಿನ ವರ್ಷ ಪೂರ್ತಿ ಬಿಚ್ಚಬೇಡ. ಅರ್ಧ ಸಾಕು. ಅದರ ಮುಂದಿನ ವರ್ಷಕ್ಕೂ ಇರ್ಲಿ.”

ಟೈಲರ್ ಕುತ್ತಿಗೆಯ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡ. ಹೊರಗೆ ಟೀ ಕುದಿಯುವ ಸದ್ದು ಕೇಳುತ್ತಿತ್ತು. ನಿಧಾನವಾಗಿ ಕುದಿಯಲಿ ಅಂದುಕೊಂಡು ಅವನೂ ಕಾಲು ಚಾಚಿ ಮಲಗಿದ.