ಒಂದು ಗಂಟೆಯ ನಲ್ಲಿ

ಸೋಮವಾರ ಬಂತೆಂದರೆ ನನಗೆ ಮೈಯೆಲ್ಲ ಭಾರ. ನಲ್ಲಿ, ಶವರು, ಕಮೋಡು, ವಾಷ್‌ಬೇಸಿನ್ನು ಮಾರುವ ಅಂಗಡಿಯಲ್ಲಿ ನನ್ನ ಕೆಲಸ. ಅಂಗಡಿಯ ಪೇಜಿಗೆ ಲಾಗಿನ್ ಆಗಿ ವಾರದ ಇಪ್ಪತ್ತೊಂದು ಪೋಸ್ಟುಗಳನ್ನು ಒಂದೇ ದಿನ ತುಂಬಿಸಿಡಬೇಕು. ಚಿತ್ರ, ನಾಲ್ಕು ಸಾಲು ಹೊಗಳಿಕೆ, ತಾರೀಖು, ಹೊತ್ತು. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಒಂದು, ರಾತ್ರಿ ಎಂಟು. ಆಮೇಲೆ ಹೊತ್ತಿಗೆ ಸರಿಯಾಗಿ ಅದು ತಾನಾಗಿಯೇ ಅಂಗಡಿಯ ಪೇಜಿನಲ್ಲಿ ಬಂದು ಕೂರುತ್ತದೆ, ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ. ಆರು ವರ್ಷದಿಂದ ಇದೇ ಗೋಳು. ಒಂದು ನಲ್ಲಿಯನ್ನು ಒಬ್ಬ ಹೆಂಗಸು ಎಷ್ಟು ಅಂತ ಹೊಗಳಬೇಕು, ನೀವೇ ಹೇಳಿ.

ಓದುವವರಾದರೂ ಯಾರು? ನಮ್ಮಮ್ಮ. ಕಮೋಡಿನ ಚಿತ್ರವನ್ನೂ ಬಿಡದೆ ಲೈಕ್ ಒತ್ತುತ್ತಾಳೆ. "ನಿಮ್ಮಮ್ಮ ಮನೇಲಿ ಎಷ್ಟು ಕಮೋಡ್ ಇಡ್ಸಿದ್ದಾರೆ ಮೇಡಂ?" ಎಂದು ಗೋಡೌನಿನವರು ಕಿಚಾಯಿಸುತ್ತಾರೆ. ಹೋದ ವರ್ಷ ಅಮ್ಮನಿಗೆ ಸಣ್ಣದಾಗಿ ಪಾರ್ಶ್ವವಾಯು ಹೊಡೆದಿತ್ತು. ಕೈಕಾಲು ಸರಿಹೋದವು, ಆದರೆ ಹೊತ್ತು ಗೊತ್ತಿನ ಅಂದಾಜು ಮಾತ್ರ ವಾಪಸು ಬರಲಿಲ್ಲ. ದಿನಕ್ಕೆ ಮೂರು ಸಲ ಬಿಪಿ ಮಾತ್ರೆ, ಒಂದೂ ತಪ್ಪಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಮ್ಮ ತಪ್ಪಿಸುತ್ತಿರಲಿಲ್ಲ. ಅದು ಹೇಗೆ ಎಂದು ನಾನು ಕೇಳಿಯೂ ಇರಲಿಲ್ಲ. ಮನೆ ಸೇರುವಷ್ಟರಲ್ಲಿ ಬಾಯಿ ಬಿಡುವ ತ್ರಾಣವೂ ನನಗೆ ಉಳಿದಿರುತ್ತಿರಲಿಲ್ಲ.

ಮೊನ್ನೆ ಬುಧವಾರ ಎಂಟೂವರೆಗೆ ಅಂಗಡಿಗೆ ಕಾಲಿಡುವಾಗಲೇ ಯಜಮಾನರ ಪಿತ್ತ ನೆತ್ತಿಗೇರಿತ್ತು. ಹೊಸದಾಗಿ ತರಿಸಿದ ಉದ್ದ ಕತ್ತಿನ ನಲ್ಲಿಯೊಂದು ಗಿರಾಕಿಯ ಮನೆಯಲ್ಲಿ ಬುಡಸಮೇತ ಕಿತ್ತುಬಂದು ಅಡುಗೆಮನೆಯೆಲ್ಲ ಕೆರೆಯಾಗಿತ್ತಂತೆ.

"ಆ ದರಿದ್ರದ ನಲ್ಲಿ ಎಲ್ಲೂ ಕಾಣಬಾರ್ದು! ಈಗಿಂದೀಗ್ಲೇ ತೆಗೀರಿ!"

ಅದು ಇದ್ದದ್ದು ಶುಕ್ರವಾರದ ಒಂದೇ ಒಂದು ಪೋಸ್ಟಿನಲ್ಲಿ. ಹುಡುಕಿ ಅದನ್ನಷ್ಟೇ ತೆಗೆಯುವುದು ಎರಡು ನಿಮಿಷದ ಕೆಲಸ. ಆದರೆ ಅವರು ಬೆನ್ನ ಹಿಂದೆಯೇ ನಿಂತು ಒದರುತ್ತಿದ್ದರು, ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಹಾಳಾಗಿ ಹೋಗಲಿ ಎಂದು ಎಲ್ಲ ಪೋಸ್ಟುಗಳನ್ನೂ ಒಟ್ಟಿಗೇ ತಡೆಹಿಡಿದುಬಿಟ್ಟೆ. ಒಂಬತ್ತರದ್ದೂ ಹೋಗಲಿಲ್ಲ, ಒಂದರದ್ದೂ ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು.

ನಾಲ್ಕಕ್ಕೆ ಪಕ್ಕದ ಮನೆ ಅಕ್ಕನ ಫೋನು ಬಂತು. "ಬೇಗ ಬಾರೇ. ನಿಮ್ಮಮ್ಮ ತಲೆ ಸುತ್ತುತ್ತೆ ಅಂತ ಬಾಗಿಲಲ್ಲೇ ಕೂತ್ಬಿಟ್ಟಿದ್ದಾರೆ. ಮಾತು ತೊದಲ್ತಿದೆ."

ಆಟೋ ಹಿಡಿದು ಓಡಿದೆ. ಕ್ಲಿನಿಕ್ಕಿನಲ್ಲಿ ನೋಡಿದರೆ ಬಿಪಿ ಇನ್ನೂರರ ಹತ್ತಿರ ಹೋಗಿತ್ತು. ಡಾಕ್ಟರು ಔಷಧಿ ಕೊಟ್ಟು, ಎರಡು ಗಂಟೆ ಮಲಗಿಸಿಕೊಂಡು, "ಮಾತ್ರೆ ತಪ್ಪಿಸಿದ್ದಾರೆ. ರಾತ್ರಿದೂ ತಪ್ಪಿದ್ರೆ ಕೈ ಮೀರಿ ಹೋಗ್ತಿತ್ತು" ಎಂದು ನನ್ನನ್ನೇ ಗದರಿ ಕಳಿಸಿದರು.

ಮನೆಯಲ್ಲಿ ಮಾತ್ರೆಯ ಡಬ್ಬಿ ತೆರೆದರೆ ಬೆಳಗಿನದೂ ಮಧ್ಯಾಹ್ನದ್ದೂ ಇಟ್ಟ ಹಾಗೇ ಇದ್ದವು. ನನಗೆ ರೇಗಿಹೋಯಿತು.

"ಯಾಕಮ್ಮ ತಗೊಳ್ಲಿಲ್ಲ? ನನ್ನ ಪ್ರಾಣ ತೆಗೀಬೇಕು ಅಂತಾನಾ?"

"ನಿಂದು ಬರ್ಲಿಲ್ವಲ್ಲ."

"ನಂದೇನು ಬರ್ಬೇಕಿತ್ತು?"

"ನಲ್ಲಿ," ಎಂದಳು ಅಮ್ಮ. "ನಿಂದು ಬಂದ ಕೂಡ್ಲೇ ಮಾತ್ರೆ ನುಂಗೋದು, ಆಮೇಲೆ ಲೈಕ್ ಒತ್ತೋದು. ಒತ್ತಿದ್ರೆ ತಗೊಂಡಾಯ್ತು ಅಂತ ಗುರುತು. ಇಲ್ದಿದ್ರೆ ಮರ್ತು ಎರಡೆರಡು ಸಲ ನುಂಗ್ಬಿಡ್ತೀನಿ." ಹಾಸಿಗೆಯ ಮೇಲೆ ಕಾಲು ಚಾಚುತ್ತಾ, "ಅಷ್ಟು ಕೆಲಸದ ಮಧ್ಯೆ ಮೂರು ಹೊತ್ತೂ ನೆನಪಿಟ್ಟು ಹಾಕ್ತೀಯಲ್ಲ ಮಗಳೇ. ನಾನು ಹೇಗೆ ತಪ್ಪಿಸ್ಲಿ?" ಎಂದಳು.

ಅಯ್ಯೋ ದೇವರೇ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಸುಳ್ಳು ಹೇಳಲೂ ಒಂದಿಷ್ಟು ಶಕ್ತಿ ಬೇಕು.

"ಅಮ್ಮಾ, ಅದು ನಾನು ಹಾಕೋದಲ್ಲ. ಸೋಮವಾರವೇ ಎಲ್ಲಾ ತುಂಬಿಸಿ ಇಟ್ಬಿಡ್ತೀನಿ. ಹೊತ್ತಿಗೆ ಮಷೀನೇ ಹಾಕುತ್ತೆ."

ಅಮ್ಮ ನನ್ನ ಮುಖವನ್ನೇ ನೋಡಿದಳು. "ಒಂದು ಗಂಟೇದೂನಾ?"

"ಹ್ಞೂಂ. ಆಗ ನಾನು ಊಟ ಮಾಡ್ತಿರ್ತೀನಿ."

"ಮಾಡು ಮಾಡು, ಹೊಟ್ಟೆ ಮುಖ್ಯ," ಎಂದು ಗೋಡೆಯ ಕಡೆ ಹೊರಳಿ ಮಲಗಿದಳು. ಅವಳ ಫೋನಿನಲ್ಲಿ ಮೂರು ಹೊತ್ತಿಗೂ ಅಲಾರಂ ಇಟ್ಟೆ. "ಅದು ಬಡ್ಕೊಳ್ಳುತ್ತೆ, ಯಾರು ಕೇಳ್ತಾರೆ" ಎಂದಳಷ್ಟೆ. ನನಗೆ ಅಳು ಬಂತು, ಅಳಲೂ ಸುಸ್ತು.

ಮರುದಿನ ರಜೆ ಸಿಗಲಿಲ್ಲ. ಬೆಳಗಿನ ಮಾತ್ರೆಯನ್ನು ನಾನೇ ನುಂಗಿಸಿ ಹೊರಟೆ. ಒಂದೂವರೆಗೆ ಹೋಗಿ ನೋಡಿ ಎಂದು ಪಕ್ಕದ ಅಕ್ಕನಿಗೆ ಹೇಳಿದ್ದೆ. ಅಂಗಡಿಯಲ್ಲಿ ಆ ಕಿತ್ತುಹೋದ ನಲ್ಲಿಯನ್ನು ತೆಗೆದು, ಮಿಕ್ಕವನ್ನೆಲ್ಲ ಮತ್ತೆ ಅವುಗಳ ಹೊತ್ತಿಗೆ ಬಿಟ್ಟೆ. ಅವತ್ತಿನ ಒಂದು ಗಂಟೆಯದನ್ನು ಮಾತ್ರ ಬಿಡಲಿಲ್ಲ. ಅದನ್ನು ನನ್ನ ಕೈಯಾರೆ ಹಾಕಬೇಕೆನಿಸಿತ್ತು.

ಐದು ನಿಮಿಷ ಮೊದಲೇ ಊಟ ಬಿಟ್ಟು ಬಂದು ಕೂತೆ. ಸರಿಯಾಗಿ ಒಂದಕ್ಕೆ, ಇನ್ನೇನು ಒತ್ತಬೇಕು, ಯಜಮಾನರು ವಕ್ಕರಿಸಿದರು. ಆ ಗಿರಾಕಿ ಹೀಗಂದ, ನಾನು ಹಾಗಂದೆ, ನೀವೇನಂತೀರಿ ಎಂದು ಶುರುಮಾಡಿದರು. ನಾನು ಎಂದೂ ದನಿ ಎತ್ತಿದವಳಲ್ಲ. "ಸಾರ್, ಒಂದ್ನಿಮಿಷ ಸುಮ್ನಿರ್ತೀರಾ!" ಎಂದು ಕಿರುಚಿಯೇಬಿಟ್ಟೆ. ಒತ್ತುವಾಗ ಒಂದು ಗಂಟೆ ನಾಲ್ಕು ನಿಮಿಷ.

ಲೈಕ್ ಬರಲಿಲ್ಲ. ಒಂದು ಐದು, ಒಂದು ಆರು. ಇನ್ನು ಅಮ್ಮನಿಗೆ ಇದರ ಮೇಲೆ ನಂಬಿಕೆಯೇ ಹೋಯಿತು, ನಾನೇ ಕೈಯಾರೆ ಕೆಡಿಸಿದೆ ಎಂದುಕೊಂಡೆ.

ಫೋನು ಬಂತು. ಅಮ್ಮ.

"ಅಲಾರಂ ಬಡ್ಕೊಂಡು ಸುಮ್ಮನಾಯ್ತು. ಮಾತ್ರೆ ಕೈಲಿಟ್ಕೊಂಡು ಕಾದೆ. ಇವತ್ತು ಲೇಟಾಗಿ ಬಂತಲ್ಲೇ ನಿಂದು?"

"ಹೌದಮ್ಮ. ಯಜಮಾನ್ರು ಬಂದ್ಬಿಟ್ರು."

"ಮಷೀನ್ ಆಗಿದ್ರೆ ಲೇಟ್ ಆಗ್ತಿರ್ಲಿಲ್ಲ."

"ತಗೊಂಡ್ಯಾ?"

"ತಗೊಂಡೆ. ಇರು, ಒತ್ತಿಲ್ಲ ಇನ್ನೂ," ಎಂದಳು ಅಮ್ಮ. ನಲ್ಲಿಯ ಕೆಳಗೆ ಒಂದು ಲೈಕ್ ಬಂತು.